ನಿಮಗಿದು ಗೊತ್ತೆ? ಸಾಯುವ ದೃಶ್ಯಕ್ಕೆ ಸಭೆ ನಕ್ಕಿತ್ತು!

ಜಗತ್ತಿನಲ್ಲಿ ಇಂದು ಅತಿ ಹೆಚ್ಚು ರಂಗವೇರುವ ಒಪೆರಾಗಳಲ್ಲಿ ಸಂಗೀತ ಸಂಯೋಜಕ ವರ್ದಿಯ ‘ಲಾ ತ್ರಾವಿಯಾತಾ’ ಒಂದು. ಆದರೆ ಅದರ ಮೊದಲ ರಾತ್ರಿ ನಗೆಪಾಟಲಾಗಿತ್ತು.

1853ರ ಮಾರ್ಚ್ 6, ವೆನಿಸ್‌ನ ಲಾ ಫೆನಿಚೆ ರಂಗಮಂದಿರ. ಕಥೆಯ ಪ್ರಕಾರ ನಾಯಕಿ ವಯೊಲೆತ್ತಾ ಕ್ಷಯರೋಗದಿಂದ ಸೊರಗಿ ಸಾಯಬೇಕು. ಪಾತ್ರ ವಹಿಸಿದ್ದ ಫಾನಿ ಸಾಲ್ವಿನಿ-ದೊನಾತೆಲ್ಲಿಯೋ ತುಂಬಿದ ಮೈಯವರು, ವಯಸ್ಸು ನಲವತ್ತರ ಹತ್ತಿರ. ಮೊದಲ ಅಂಕದಲ್ಲಿ ಅವರ ಕಂಠಕ್ಕೆ ಚಪ್ಪಾಳೆ ಬಿತ್ತು. ಆದರೆ ಕೊನೆಯಲ್ಲಿ ಆಕೆ ಕ್ಷಯದಿಂದ ಸಾಯುವುದನ್ನು ನಂಬಲಾಗದೆ ಪ್ರೇಕ್ಷಕರು ನಕ್ಕರು! ಪಾಪ, ತಪ್ಪು ಆ ಗಾಯಕಿಯದಲ್ಲ. ಗಾಯಕಿಯನ್ನು ಬದಲಿಸಿ ಎಂದು ವರ್ದಿ ಮೊದಲೇ ಕೇಳಿದ್ದರು. ಅಷ್ಟರಲ್ಲಿ ಒಪ್ಪಂದದ ಗಡುವು ಮುಗಿದಿತ್ತು.

ಉಡುಪಿನದು ಇನ್ನೊಂದು ತಕರಾರು. ತಮ್ಮ ಕಾಲದ ಕಥೆಗೆ ತಮ್ಮ ಕಾಲದ್ದೇ ಉಡುಗೆ ಇರಲಿ ಎಂಬುದು ವರ್ದಿಯ ಹಟ. ಅಧಿಕಾರಿಗಳು ಬಿಡಲಿಲ್ಲ, ಕಥೆಯನ್ನು 1700ರ ಆಸುಪಾಸಿಗೆ ತಳ್ಳಿಸಿದರು. ಅಸಲಿಗೆ ವಯೊಲೆತ್ತಾಳ ಹಿಂದಿದ್ದವಳು ಮಾರೀ ಡುಪ್ಲೆಸಿ. 1847ರಲ್ಲಿ, 23ನೇ ವಯಸ್ಸಿಗೇ, ಪ್ಯಾರಿಸ್‌ನಲ್ಲಿ ಕ್ಷಯದಿಂದ ತೀರಿಕೊಂಡ ಹೆಣ್ಣು. ಆಕೆಯ ಬದುಕನ್ನು ಕಿರಿಯ ಅಲೆಕ್ಸಾಂಡರ್ ಡ್ಯೂಮಾ ಕಾದಂಬರಿಯಾಗಿಸಿ, ಬಳಿಕ ನಾಟಕವಾಗಿಸಿದ್ದ.

1854ರ ಮೇನಲ್ಲಿ ವರ್ದಿ ಅಲ್ಲಲ್ಲಿ ತಿದ್ದಿದ ಅದೇ ಕೃತಿ, ಅದೇ ವೆನಿಸ್‌ನ ಇನ್ನೊಂದು ರಂಗಮಂದಿರದಲ್ಲಿ ಗೆದ್ದಿತು. ಮೊದಲ ಪ್ರದರ್ಶನ ಕಂಡಿದ್ದ ಫೆನಿಚೆ 1996ರಲ್ಲಿ ಸುಟ್ಟು ಬೂದಿಯಾಯಿತು. ಆ ಹೆಸರಿನ ಅರ್ಥವೇ ಬೂದಿಯಿಂದ ಎದ್ದು ಬರುವ ಫೀನಿಕ್ಸ್ ಹಕ್ಕಿ. ಮರುನಿರ್ಮಾಣದ ಬಳಿಕ, 2004ರ ನವೆಂಬರ್‌ನಲ್ಲಿ ಅಲ್ಲಿ ಒಪೆರಾ ಮತ್ತೆ ಶುರುವಾದಾಗ ಆಡಿದ್ದು ಇದೇ ‘ಲಾ ತ್ರಾವಿಯಾತಾ’. ಈ ಸಲ ಯಾರೂ ನಗಲಿಲ್ಲ ಬಿಡಿ.