ಕಬ್ಬಿನ ಬಿಲ್ಲಿನ ನಿಯಮವನ್ನು ಎಐ ಸೂತ್ರ ಮಾಡಿಕೊಟ್ಟರೆ ತಪ್ಪೇ ಆಗುವುದಿಲ್ಲವೇ?

ಕಾಗವಾಡ, ಉಗಾರ, ಅಥಣಿ ಕಡೆಯ ಕಬ್ಬು ಬೆಳೆಗಾರರಿಗೆ ‘ಹದಿನಾಲ್ಕು ದಿನ’ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ, 14 ದಿನಗಳ ನಂತರದ ಅವಧಿಗೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಕೊಡಬೇಕು.

ಈ ನಿಯಮವನ್ನು ಬಿಲ್ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗೆ ಕಲಿಸಬೇಕು ಎಂದುಕೊಳ್ಳಿ. ಕಂಪ್ಯೂಟರಿಗೆ ನಮ್ಮ ಮಾತು ಸಾಲದು. ಒಂದೇ ಅರ್ಥ ಬರುವ ಸೂತ್ರ ಬೇಕು. ಇಂಥ ಸೂತ್ರಗಳನ್ನು ಹಿಂದೆ ಪರಿಣತರೇ ಬರೆಯುತ್ತಿದ್ದರು. ಈಗ ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಗಳಿಂದ ಬರೆಸಿ, ಝಡ್3ಯಂಥ ತರ್ಕ ಪರೀಕ್ಷಿಸುವ ತಂತ್ರಾಂಶದಿಂದ ತಾಳೆ ನೋಡುವ ಪ್ರಯತ್ನಗಳು ನಡೆದಿವೆ. ಎರಡು ನಿಯಮಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಅದು ಹಿಡಿದುಕೊಡುತ್ತದೆ.

ಹಾಗಾದರೆ ತಪ್ಪಿಗೆ ಜಾಗವೇ ಇಲ್ಲವೇ? ಇದೆ.

ಒಬ್ಬ ರೈತರಿಗೆ 1,00,000 ರೂಪಾಯಿ ಬರಬೇಕಿತ್ತು. ಕಬ್ಬು ಒಪ್ಪಿಸಿದ 44 ದಿನಗಳ ಮೇಲೆ ಬಂತು ಎನ್ನಿ. ತಡವಾದದ್ದು 30 ದಿನ. ವರ್ಷಕ್ಕೆ 365 ದಿನ ಎಂದು ಹಿಡಿದರೆ ಬಡ್ಡಿ ಸುಮಾರು 1,233 ರೂಪಾಯಿ. ಆದರೆ ಭಾಷಾ ಮಾದರಿ ‘ಒಪ್ಪಿಸಿದ ದಿನ’ದ ಬದಲು ‘ಬಿಲ್ ಮಾಡಿದ ದಿನ’ ಎಂದು ಬರೆದರೆ? ಬಿಲ್ ಏಳು ದಿನ ತಡವಾಗಿ ಆಗಿದ್ದರೆ ಬಡ್ಡಿ ಸುಮಾರು 945 ರೂಪಾಯಿಗೆ ಇಳಿಯುತ್ತದೆ. ರೈತರಿಗೆ 288 ರೂಪಾಯಿ ಖೋತಾ. ಆದರೂ ಪರೀಕ್ಷಕ ತಂತ್ರಾಂಶ ಏನೂ ಹೇಳುವುದಿಲ್ಲ. ಏಕೆಂದರೆ ಸೂತ್ರದೊಳಗೆ ವಿರೋಧವೇನೂ ಇಲ್ಲ. ಮೂಲ ಆದೇಶ ಏನು ಹೇಳುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಬಿಟ್ಟುಹೋಗುವ ಮಾತುಗಳೂ ಇವೆ. ಬೇರೆ ರೀತಿಯ ಲಿಖಿತ ಒಪ್ಪಂದ ಇದ್ದರೆ 14 ದಿನಗಳ ಗಡುವು ಬದಲಾಗಬಹುದು ಎಂದು ಆದೇಶದಲ್ಲೇ ಇದೆ. ಮಾದರಿ ಅದನ್ನು ಕೈಬಿಡಬಹುದು. ಅಧಿಕ ವರ್ಷದಲ್ಲಿ 365ರಿಂದ ಭಾಗಿಸಬೇಕೋ 366ರಿಂದಲೋ ಎಂಬಂಥ ಪ್ರಶ್ನೆಗೆ, ಯಾರನ್ನೂ ಕೇಳದೆ ತಾನೇ ಉತ್ತರ ತುಂಬಿಬಿಡಬಹುದು.

ಪರಿಹಾರ ಸರಳ. ಸೂತ್ರವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ, ಮೂಲ ವಾಕ್ಯದ ಪಕ್ಕದಲ್ಲಿಟ್ಟು ಓದಬೇಕು. 14ನೇ ದಿನ ಹಣ ಕೊಟ್ಟರೆ ಬಡ್ಡಿ ಎಷ್ಟು, 15ನೇ ದಿನ ಕೊಟ್ಟರೆ ಎಷ್ಟು ಎಂದು ಲೆಕ್ಕ ಹಾಕಿಸಿ ನೋಡಬೇಕು. ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ಒಂದು ದಿನದ ಬಡ್ಡಿ ಬರಬೇಕು. ಇದಕ್ಕೆ ಸಾಫ್ಟ್‌ವೇರ್ ಎಂಜಿನಿಯರೇ ಆಗಬೇಕಿಲ್ಲ. ಕಬ್ಬು ಕಳಿಸಿದ ದಿನ ನೆನಪಿರುವ ರೈತರೂ ತಪ್ಪು ಹಿಡಿಯಬಲ್ಲರು.