ಮೂಗಿನ ತುದಿಯ ಆಪರೇಷನ್: ಚಿಕಿತ್ಸೆ ಯಾವುದು, ಬರೀ ಆಸೆ ಯಾವುದು?

ಹೆಣ್ಣು ನೋಡಲು ಬಂದವರು ಚಹಾ ಕುಡಿದು ಹೋಗುತ್ತಾರೆ. ಎರಡು ದಿನದ ಮೇಲೆ ಮಧ್ಯಸ್ಥರ ಬಾಯಿಂದ ಒಂದು ಮಾತು ಬರುತ್ತದೆ: “ಹುಡುಗಿ ಒಳ್ಳೆಯವಳೇ, ಆದರೆ ಮೂಗು ಸ್ವಲ್ಪ ದಪ್ಪ.” ಹೇಳಿದವರು ಮರೆತುಬಿಡುತ್ತಾರೆ, ಕೇಳಿಸಿಕೊಂಡ ಹುಡುಗಿ ಮರೆಯುವುದಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಮೂಗಿನ ತುದಿಯನ್ನು ಚೂಪು ಮಾಡಿಸಿಕೊಂಡವರ ವೀಡಿಯೊಗಳು ಸಾಲುಗಟ್ಟಿ ಬರುತ್ತವೆ. ಇದು ಜಾಯಿಝೇ? ಅಪಾಯವಿಲ್ಲವೇ? ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮ್ಮ ಮನೆಗಳಲ್ಲೂ ಏಳಬಹುದಾದ ಈ ಎರಡು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ?

ಮೂಗಿನ ಮೇಲ್ಭಾಗ ಗಟ್ಟಿ ಎಲುಬು. ಕೆಳಭಾಗ ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂಥ ಬಾಗುವ ಮೆತ್ತನೆಯ ಎಲುಬು. ತುದಿಯಲ್ಲಿ ಎರಡು ಹೊಳ್ಳೆಗಳ ಮೇಲೆ ಕಮಾನಿನಂತೆ ಬಾಗಿದ ಒಂದೊಂದು ಮೃದ್ವಸ್ಥಿ ಇರುತ್ತದೆ. ಇವುಗಳ ಗಾತ್ರ, ನಡುವಿನ ಅಂತರ ಮತ್ತು ಮೇಲಿನ ಚರ್ಮದ ದಪ್ಪ ಸೇರಿ ತುದಿಗೆ ರೂಪ ಕೊಡುತ್ತವೆ.

ವೈದ್ಯರು ಹೊಳ್ಳೆಯ ಒಳಗಿನಿಂದ, ಇಲ್ಲವೇ ಎರಡು ಹೊಳ್ಳೆಗಳ ನಡುವಿನ ಚರ್ಮದಲ್ಲಿ ಸಣ್ಣ ಗಾಯ ಮಾಡಿ ಆ ಕಮಾನುಗಳನ್ನು ತಲುಪುತ್ತಾರೆ. ಸ್ವಲ್ಪ ಕತ್ತರಿಸುತ್ತಾರೆ, ಹೊಲಿಗೆ ಹಾಕಿ ಹತ್ತಿರ ತರುತ್ತಾರೆ. ಆಧಾರ ಸಾಲದಿದ್ದರೆ ಮೂಗಿನ ನಡುಗೋಡೆಯಿಂದಲೋ ಕಿವಿಯಿಂದಲೋ ಮೃದ್ವಸ್ಥಿಯ ತುಂಡು ತೆಗೆದು ಜೋಡಿಸುತ್ತಾರೆ. ಮುಖ ಪೂರ್ತಿ ಬೆಳೆಯುವ ಮುನ್ನ, ಅಂದರೆ ಹದಿನೈದು ಹದಿನಾರು ವರ್ಷಕ್ಕೆ ಮೊದಲು, ಬರೀ ಅಂದಕ್ಕಾಗಿ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ.

ವೀಡಿಯೊದಲ್ಲಿ ಕಾಣದ ಸಂಗತಿಗಳೂ ಇವೆ. ಬಾವು ಬಹುಪಾಲು ಕೆಲವು ವಾರಗಳಲ್ಲಿ ಇಳಿದರೂ ತುದಿ ತನ್ನ ನಿಜವಾದ ಆಕಾರಕ್ಕೆ ಬರಲು ಒಂದು ವರ್ಷ ಅಥವಾ ಇನ್ನೂ ಹೆಚ್ಚು ಬೇಕು. ಚರ್ಮ ದಪ್ಪಗಿದ್ದರೆ ಒಳಗೆ ಮಾಡಿದ ಬದಲಾವಣೆ ಹೊರಗೆ ಅಷ್ಟಾಗಿ ಕಾಣುವುದಿಲ್ಲ. ರಕ್ತಸ್ರಾವ, ಸೋಂಕು, ಕಲೆ, ಎರಡು ಬದಿ ಒಂದೇ ಸಮ ಆಗದಿರುವುದು, ಇವೆಲ್ಲ ಆಗಬಹುದು. ಮೃದ್ವಸ್ಥಿಯನ್ನು ಅತಿಯಾಗಿ ಕತ್ತರಿಸಿದರೆ ಹೊಳ್ಳೆ ಒಳಕ್ಕೆ ಕುಸಿದು ಉಸಿರಾಟಕ್ಕೇ ತೊಂದರೆ. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ, ಅದು ಮೊದಲನೆಯದಕ್ಕಿಂತ ಕಷ್ಟ. “ಆಪರೇಷನ್ ಬೇಡ, ಇಂಜೆಕ್ಷನ್ ಸಾಕು” ಎನ್ನುವ ಫಿಲ್ಲರ್ ಕೂಡ ಹಗುರವಾದದ್ದಲ್ಲ. ಅದು ರಕ್ತನಾಳಕ್ಕೆ ಹೋದರೆ ಮೂಗಿನ ಚರ್ಮ ಕೊಳೆಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಅದನ್ನು ಬ್ಯೂಟಿ ಪಾರ್ಲರಿನಲ್ಲಿ ಎಂದಿಗೂ ಹಾಕಿಸಿಕೊಳ್ಳಬಾರದು.

ಶರೀಅತ್ ಎಲ್ಲಿ ಗೆರೆ ಎಳೆಯುತ್ತದೆ?

ಅರ್ಫಜಾ ಬಿನ್ ಅಸ್‌ಅದ್(ರ) ಎಂಬ ಸಹಾಬಿಯ ಮೂಗು ಅಜ್ಞಾನ ಕಾಲದ ಕುಲಾಬ್ ಯುದ್ಧದಲ್ಲಿ ತುಂಡಾಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿ ಹಾಕಿಕೊಂಡರು. ಅದು ವಾಸನೆ ಬರತೊಡಗಿತು. ಆಗ ಪ್ರವಾದಿವರ್ಯರು(ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಅವರಿಗೆ ಹೇಳಿದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಈ ಹದೀಸ್ ಇದೆ. ಹಟ್ಟಿ ಗಣಿಯ ಪಕ್ಕದಲ್ಲೇ ಬದುಕುವ ನಮಗೆ ಚಿನ್ನ ತುಕ್ಕು ಹಿಡಿಯುವುದಿಲ್ಲ, ಕೆಡುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಗಮನಿಸಬೇಕಾದದ್ದು ಬೇರೆ: ಪುರುಷರಿಗೆ ಚಿನ್ನ ಹರಾಮ್. ಆದರೂ ಮೂಗು ಕಳೆದುಕೊಂಡವನಿಗೆ ಅದು ಒಡವೆಯಲ್ಲ, ಚಿಕಿತ್ಸೆ.

ಇನ್ನೊಂದು ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಇಬ್ನು ಮಸ್‌ಊದ್(ರ) ಉಲ್ಲೇಖಿಸಿದ ಈ ವರದಿಯಲ್ಲಿ ಹಚ್ಚೆ ಹಾಕುವವರು, ಹುಬ್ಬು ಕೀಳಿಸಿಕೊಳ್ಳುವವರು, ಅಂದಕ್ಕಾಗಿ ಹಲ್ಲಿನ ನಡುವೆ ಸಂದು ಮಾಡಿಸಿ ಅಲ್ಲಾಹನ ಸೃಷ್ಟಿಯನ್ನು ಬದಲಿಸುವವರ ಬಗ್ಗೆ ಕಠಿಣ ಎಚ್ಚರಿಕೆ ಇದೆ. ಇಲ್ಲಿ ‘ಅಂದಕ್ಕಾಗಿ’ ಎಂಬ ಮಾತೇ ಮುಖ್ಯವೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ.

ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 2007ರ ಜುಲೈನಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿ ಈ ವಿಷಯವನ್ನೇ ಚರ್ಚಿಸಿತು. ಸೀಳುತುಟಿ, ತೀರಾ ಸೊಟ್ಟಗಿರುವ ಮೂಗು, ಸುಟ್ಟ ಗಾಯ, ಅಪಘಾತದಿಂದಾದ ವಿಕಾರ, ದೇಹಕ್ಕೆ ಅಥವಾ ಮನಸ್ಸಿಗೆ ಹಾನಿ ಮಾಡುವ ಕುರೂಪ – ಇವನ್ನು ಸರಿಪಡಿಸುವುದು ಜಾಯಿಝ್ ಎಂದಿತು. ಚಿಕಿತ್ಸೆಯ ಅಗತ್ಯವಿಲ್ಲದೆ, ಬೇರೆಯವರನ್ನು ಅನುಕರಿಸಲು ಸಹಜ ರೂಪವನ್ನು ಬದಲಿಸುವುದು ಸಲ್ಲದು ಎಂದಿತು. ಮೂಗಿನ ಆಕಾರ ಬದಲಿಸುವುದನ್ನು ಆ ಪಟ್ಟಿಯಲ್ಲಿ ಹೆಸರಿಸಿಯೇ ಹೇಳಿದೆ.

ನಮ್ಮ ನಾಡಿನ ಒಂದು ಮೂಗು

ಈ ಚಿಕಿತ್ಸೆ ಪರದೇಶದಿಂದ ಬಂದದ್ದೆಂದು ತಿಳಿಯಬೇಡಿ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರ ಕೈಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಬಳಿಕ ಪುಣೆಯ ಕಡೆಯ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕಸಬುದಾರ ಹಣೆಯ ಚರ್ಮವನ್ನು ತಿರುಗಿಸಿ ಇಳಿಸಿ ಅವನಿಗೆ ಹೊಸ ಮೂಗು ಕೂಡಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಇದನ್ನು ಚಿತ್ರ ಸಮೇತ ಪ್ರಕಟಿಸಿತು. ಅದೇ ವಿಧಾನವನ್ನು ಅನುಸರಿಸಿ 1814ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ಇಂಗ್ಲೆಂಡಿನಲ್ಲಿ ಮೂಗು ಕಟ್ಟಿದ. ಹಣೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅರ್ಫಜಾ(ರ) ಅವರಂತೆ ಕಾವಸ್‌ಜಿಯೂ ಕಳೆದುಕೊಂಡದ್ದನ್ನು ಮರಳಿ ಪಡೆದವನು.

ನಿಜವಾಗಿ ಬೇಕಾದವರು

ಇಂದು ನಮ್ಮ ತಾಲೂಕುಗಳಲ್ಲಿ ಈ ಚಿಕಿತ್ಸೆ ತಲುಪಬೇಕಾದವರಲ್ಲಿ ಸೀಳುತುಟಿಯ ಮಕ್ಕಳು ಮೊದಲಿಗರು. ತುಟಿ ಸೀಳಿದ ಬದಿಯಲ್ಲಿ ಮೂಗಿನ ತುದಿಯೂ ಚಪ್ಪಟೆಯಾಗಿರುತ್ತದೆ. ತುಟಿಯ ಆಪರೇಷನ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ಆಗುತ್ತದೆ. ಮೂಗಿನ ಪೂರ್ಣ ತಿದ್ದುಪಡಿ ಎಷ್ಟೋ ಮಕ್ಕಳಿಗೆ ಮುಖ ಬೆಳೆದ ಮೇಲೆ ಆಗಬೇಕಾಗುತ್ತದೆ. ಗ್ರಹಣ ಹಿಡಿದದ್ದು, ಯಾರದೋ ಶಾಪ ಎಂದು ಮಗುವನ್ನು ಮುಚ್ಚಿಡಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ, ಸೀಳುತುಟಿಯೂ ಅದರಲ್ಲಿ ಸೇರಿದೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರಿಗೆ ತಿಳಿಸಿ, ಇಲ್ಲವೇ ತಾಲೂಕು ಆಸ್ಪತ್ರೆಗೆ ಹೋಗಿ ಕೇಳಿ.

ದಪ್ಪ ಮೂಗಿನ ಮಾತು

ಹಾಗಾದರೆ ಆರೋಗ್ಯವಾಗಿರುವ, ಚೆನ್ನಾಗಿ ಉಸಿರಾಡುವ, ಅಜ್ಜಿಯಿಂದ ಬಂದ ದುಂಡು ಮೂಗು? ಅದು ರೋಗವಲ್ಲ. ಮೊಬೈಲಿನ ಕಣ್ಣನ್ನಂತೂ ನಂಬಬೇಡಿ. ಸುಮಾರು ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಐದು ಅಡಿ ದೂರದ ಫೋಟೊಕ್ಕಿಂತ ಹತ್ತಿರ ಹತ್ತಿರ ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದರು. ಬಡ್ಡಿಗೆ ಸಾಲ ಮಾಡಿ ಮೂಗು ತಿದ್ದಿಸುವುದಂತೂ ಒಂದು ತಪ್ಪಿಗೆ ಇನ್ನೊಂದನ್ನು ಸೇರಿಸಿದಂತೆ.

ಆದರೆ ಮಗಳು ದಿನವಿಡೀ ಕನ್ನಡಿಯ ಮುಂದೆ ಕೊರಗುತ್ತಿದ್ದರೆ, ಜನರೆದುರು ಬರಲು ಹಿಂಜರಿಯುತ್ತಿದ್ದರೆ ಬೈಯಬೇಡಿ. ಅದು ಮನಸ್ಸಿನ ಕಾಯಿಲೆಯೂ ಆಗಿರಬಹುದು. ಹಾಗಿದ್ದರೆ ಮೂಗು ತಿದ್ದಿದರೂ ಕೊರಗು ನಿಲ್ಲುವುದಿಲ್ಲ. ಮೊದಲು ಮನೋವೈದ್ಯರಿಗೆ ತೋರಿಸಿ.

ಅಗತ್ಯವೇ ಇದ್ದರೆ

ಪೆಟ್ಟು, ಹುಟ್ಟುದೋಷ ಅಥವಾ ಉಸಿರಾಟದ ತೊಂದರೆಗೆ ಆಪರೇಷನ್ ಬೇಕಾದಲ್ಲಿ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿದವರನ್ನೋ ಇಂಥ ಆಪರೇಷನ್ ಮಾಡಿ ಅನುಭವವಿರುವ ಕಿವಿ-ಮೂಗು-ಗಂಟಲು ತಜ್ಞರನ್ನೋ ಕಾಣಿ. ಉಸಿರಾಟಕ್ಕೆ ಏನಾಗುತ್ತದೆ, ಫಲ ಸಿಗದಿದ್ದರೆ ಮುಂದೇನು, ಒಟ್ಟು ಖರ್ಚೆಷ್ಟು ಎಂದು ಕೇಳಿ, ಉತ್ತರ ಅರ್ಥವಾದ ಮೇಲೆಯೇ ಸಹಿ ಹಾಕಿ. ಬರೀ ಅಂದದ ಆಪರೇಷನ್ನಿಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ ಎಂಬುದೂ ನೆನಪಿರಲಿ. ಆಪರೇಷನ್ ಆದ ಮೇಲೆ ನಮಾಝ್ ಬಿಡಬೇಕಿಲ್ಲ. ಪಟ್ಟಿ ಇರುವಲ್ಲಿ ಒದ್ದೆ ಕೈಯಿಂದ ಮಸಹ್ ಮಾಡುವ, ಬಗ್ಗಬಾರದೆಂದು ವೈದ್ಯರು ಹೇಳಿದ್ದರೆ ಸನ್ನೆಯಿಂದ ಸಜ್ದಾ ಮಾಡುವ ರಿಯಾಯಿತಿ ಇದೆ. ವುಝೂ, ಗುಸ್ಲ್‌ಗಳ ವಿವರವನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿಕೊಳ್ಳಿ.

ಕೊನೆಗೆ, ಹೆಣ್ಣು ನೋಡಲು ಹೋಗುವವರಿಗೆ ಒಂದು ಮಾತು. ಅಲ್ಲಾಹನು ನಿಮ್ಮ ರೂಪವನ್ನಲ್ಲ, ಹೃದಯ ಮತ್ತು ಕರ್ಮಗಳನ್ನು ನೋಡುತ್ತಾನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಒಬ್ಬರು ಇನ್ನೊಬ್ಬರನ್ನು ಹೀಯಾಳಿಸಬಾರದೆಂದು ಸೂರಃ ಹುಜುರಾತ್ ಆದೇಶಿಸುತ್ತದೆ. ಸಂಬಂಧ ಬೇಡವಾದರೆ ಬೇಡವೆನ್ನಿ, ಅದು ನಿಮ್ಮ ಹಕ್ಕು. ಕಾರಣವೆಂದು ಆಕೆಯ ಮೂಗನ್ನು ಎತ್ತಿ ಆಡುವುದು ಯಾರ ಹಕ್ಕೂ ಅಲ್ಲ. ನೀವು ದಪ್ಪ ಎಂದ ಆ ಮೂಗು ದಿನಕ್ಕೆ ಐದು ಹೊತ್ತು ಹಣೆಯೊಂದಿಗೆ ಸಜ್ದಾದಲ್ಲಿ ನೆಲ ಮುಟ್ಟುತ್ತದೆ.

ನಮ್ಮ ನಾಲಿಗೆಯಿಂದ ಯಾವ ಮಗಳಿಗೂ ನೋವಾಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.