ಉಸಿರಾಟದ ಯಂತ್ರ ಕಾಟ ಕೊಡುತ್ತಿದೆಯೇ? ಬೀರುವಿಗೆ ಸೇರಿಸುವ ಮುನ್ನ ಓದಿ

ಅಬ್ಬಾ ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರೆ. ನಡುವೆ ಗೊರಕೆ ಒಮ್ಮೆಲೇ ನಿಲ್ಲುತ್ತದೆ, ಜೊತೆಗೆ ಉಸಿರೂ ನಿಲ್ಲುತ್ತದೆ. ಹತ್ತು ಇಪ್ಪತ್ತು ಸೆಕೆಂಡ್ ಕಳೆದ ಮೇಲೆ ಗಕ್ಕನೆ ಉಸಿರೆಳೆದುಕೊಂಡು ಮತ್ತೆ ಗೊರಕೆ ಶುರು. ಬೆಳಗ್ಗೆ ಎದ್ದರೆ ತಲೆಭಾರ, ಹಗಲೆಲ್ಲ ತೂಕಡಿಕೆ, ಜುಮಾ ಖುತ್ಬಾ ಕೇಳುತ್ತಲೇ ಕಣ್ಣು ಮುಚ್ಚಿಹೋಗುತ್ತದೆ. ವೈದ್ಯರು ನಿದ್ರೆಯ ಪರೀಕ್ಷೆ ಮಾಡಿಸಿ ಇದು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಮನೆಯವರು ಹಣ ಹೊಂದಿಸಿ ಸಿಪ್ಯಾಪ್ ಯಂತ್ರ ತರುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಯಂತ್ರ ಬೀರು ಸೇರಿರುತ್ತದೆ. ಕೇಳಿದರೆ, "ಬಾಯಿ ಒಣಗುತ್ತೆ, ಹೊಟ್ಟೆ ಉಬ್ಬುತ್ತೆ, ನನಗೆ ಆಗಲ್ಲ" ಎಂಬ ಉತ್ತರ.

ಈ ಕಾಟಗಳು ಸುಳ್ಳಲ್ಲ. ಆದರೆ ಹೆಚ್ಚಿನವಕ್ಕೆ ಕಾರಣ ಗೊತ್ತಿದೆ, ಪರಿಹಾರವೂ ಇದೆ.

ಬಿಟ್ಟರೆ ಏನಾಗುತ್ತದೆ?

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುವುದೇ ಈ ಕಾಯಿಲೆ. ಯಂತ್ರವು ಮಾಸ್ಕ್ ಮೂಲಕ ಒತ್ತಡದ ಗಾಳಿ ಕಳಿಸಿ ಆ ದಾರಿಯನ್ನು ತೆರೆದಿಡುತ್ತದೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಈ ವಿಧಾನವನ್ನು ಜಗತ್ತಿಗೆ ತಿಳಿಸಿದರು. ಇದು ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧಿಯಲ್ಲ, ಕನ್ನಡಕ ಇದ್ದ ಹಾಗೆ. ಹಾಕಿದಾಗ ಮಾತ್ರ ಪ್ರಯೋಜನ.

ಚಿಕಿತ್ಸೆ ಇಲ್ಲದ ಆಪ್ನಿಯಾ ಇರುವವರಲ್ಲಿ ಬಿ.ಪಿ. ಹತೋಟಿಗೆ ಬರುವುದು ಕಷ್ಟ. ಹೃದಯದ ಕಾಯಿಲೆ ಮತ್ತು ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ಎಲ್ಲಕ್ಕಿಂತ ತಕ್ಷಣದ ಅಪಾಯ ಸ್ಟೇರಿಂಗ್ ಹಿಂದೆ ಇದೆ. ಮದ್ದೂರಿನ ಮಾರುಕಟ್ಟೆಯಿಂದ ರಾತ್ರಿ ಎಳನೀರು ಸಾಗಿಸುವವರು, ಮಳವಳ್ಳಿ ಕಡೆಯಿಂದ ಟೆಂಪೋ ಓಡಿಸುವವರು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಬ್ ಓಡಿಸುವವರು ನಮ್ಮ ಮನೆಗಳಲ್ಲೇ ಇದ್ದಾರೆ. ನೇರವಾದ ರಸ್ತೆಯಲ್ಲಿ ಮೂರು ಸೆಕೆಂಡಿನ ತೂಕಡಿಕೆ ಸಾಕು. ಯಂತ್ರ ಬಿಟ್ಟು ಹಗಲಿನ ತೂಕಡಿಕೆ ಮರಳಿದ್ದರೆ ವಾಹನ ಓಡಿಸಬೇಡಿ.

ಬಾಯಿ, ಗಂಟಲು ಒಣಗುವುದು

ಮೂಗಿನ ಮಾಸ್ಕ್ ಹಾಕಿಕೊಂಡು ಬಾಯಿ ತೆರೆದು ಮಲಗಿದರೆ ಗಾಳಿ ಬಾಯಿಯಿಂದ ಹೊರಹೋಗುತ್ತದೆ, ಬಾಯಿ ಒಣಗುತ್ತದೆ. ಮೊದಲು ಮೂಗು ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಮಲಗುವ ಮುನ್ನ ಉಪ್ಪುನೀರಿನ ಸ್ಪ್ರೇ ಸಾಕಾಗಬಹುದು. ಅಲರ್ಜಿ ಇದ್ದರೆ ವೈದ್ಯರು ಬೇರೆ ಸ್ಪ್ರೇ ಕೊಡುತ್ತಾರೆ. ಯಂತ್ರದ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ನೀರಿನ ಡಬ್ಬಿಯನ್ನು ಬಳಸಿ, ಅದರ ಮಟ್ಟವನ್ನು ಒಂದೊಂದಾಗಿ ಏರಿಸಿ. ಆಗಲೂ ಬಾಯಿ ತೆರೆದೇ ಇರುತ್ತಿದ್ದರೆ ಗಲ್ಲದ ಪಟ್ಟಿ ಅಥವಾ ಮೂಗು–ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬಗ್ಗೆ ವೈದ್ಯರನ್ನು ಕೇಳಿ. ಮೂಗು ಉರಿಯುವುದು, ಸೀನು, ಚೂರು ರಕ್ತ ಕಾಣುವುದು ಸಾಮಾನ್ಯವಾಗಿ ಒಣ ಗಾಳಿಯಿಂದಲೇ. ತೇವ ಹೆಚ್ಚಿಸಿದರೆ ಕಡಿಮೆಯಾಗುತ್ತದೆ.

ಕೊಳವೆಯಲ್ಲಿ ನೀರು

ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಚ್ಚಗಿನ ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ಹನಿಯಾಗುತ್ತದೆ. ಗುಳುಗುಳು ಸದ್ದು ಬರುತ್ತದೆ, ಮುಖಕ್ಕೆ ನೀರು ಚಿಮ್ಮುತ್ತದೆ. ಯಂತ್ರವನ್ನು ಮಂಚಕ್ಕಿಂತ ಕೆಳಗಿಡಿ. ಕೊಳವೆಗೆ ಬಟ್ಟೆಯ ಕವಚ ಹೊಲಿಸಿ ಅಥವಾ ರಜಾಯಿಯ ಒಳಗೆ ಹಾಯಿಸಿ. ತೇವದ ಮಟ್ಟವನ್ನು ಒಂದು ಇಳಿಸಿ.

ಕಣ್ಣು ಕೆಂಪಾಗುವುದು, ಮೂಗಿನ ಮೇಲೆ ಗಾಯ

ಮಾಸ್ಕ್ ಸೋರಿದರೆ ಗಾಳಿ ಕಣ್ಣಿಗೆ ಹೊಡೆಯುತ್ತದೆ. ಸೋರುತ್ತಿದೆ ಎಂದು ಪಟ್ಟಿಯನ್ನು ಬಿಗಿಯಾಗಿ ಎಳೆದರೆ ಮೂಗಿನ ಮೇಲೆ ಹುಣ್ಣಾಗುತ್ತದೆ, ಸೋರುವುದೂ ನಿಲ್ಲುವುದಿಲ್ಲ. ಸರಿಯಾದ ಕ್ರಮ ಇದು: ಯಂತ್ರ ಹಾಕಿ, ಮಲಗಿಕೊಂಡು, ಗಾಳಿ ಬರುತ್ತಿರುವಾಗಲೇ ಪಟ್ಟಿ ಹೊಂದಿಸಿ. ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಮುಖದ ಎಣ್ಣೆ, ಕ್ರೀಮ್‌ನಿಂದ ಮಾಸ್ಕ್ ಜಾರುತ್ತದೆ. ಇಶಾ ನಂತರ ವುಝೂ ಮಾಡಿ ಮಲಗುವವರಿಗೆ ಮುಖ ಹೇಗೂ ಶುದ್ಧವಾಗಿರುತ್ತದೆ, ಒರೆಸಿ ಒಣಗಿಸಿಕೊಂಡರಾಯಿತು. ಮಾಸ್ಕ್ ತಾಗುವ ಜಾಗಕ್ಕೆ ಅತ್ತರು ಹಚ್ಚಬೇಡಿ.

ಗಡ್ಡ ಇರುವವರಿಗೆ ಸೋರಿಕೆ ಹೆಚ್ಚು. ಅದಕ್ಕಾಗಿ ಗಡ್ಡ ತೆಗೆಯಬೇಕಿಲ್ಲ, ಯಂತ್ರ ಬಿಡಬೇಕಿಲ್ಲ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕ್ ಸಿಗುತ್ತದೆ, ಅದು ಗಡ್ಡಕ್ಕೆ ತಾಗುವುದಿಲ್ಲ. ಒಂದು ಎಚ್ಚರಿಕೆ: ಕೆಲವು ಮಾಸ್ಕ್‌ಗಳ ಕ್ಲಿಪ್‌ನಲ್ಲಿ ಅಯಸ್ಕಾಂತ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಕೊಳ್ಳುವ ಮುನ್ನವೇ ಹೇಳಿ.

ಹೊಟ್ಟೆ ಉಬ್ಬರ, ತೇಗು

ಗಾಳಿ ಶ್ವಾಸಕೋಶದ ಬದಲು ಅನ್ನನಾಳಕ್ಕೆ ಹೋದಾಗ ಹೀಗಾಗುತ್ತದೆ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರ ಇಡಿ. ತಲೆಯ ಭಾಗ ಸ್ವಲ್ಪ ಎತ್ತರಿಸಿ, ಮಗ್ಗುಲಾಗಿ ಮಲಗಿ. ಆದರೂ ಹೋಗದಿದ್ದರೆ ಒತ್ತಡ ಬದಲಿಸಬೇಕಾಗಬಹುದು. ಅದನ್ನು ವೈದ್ಯರೇ ಮಾಡಬೇಕು, ನೀವಾಗಿ ಇಳಿಸಬೇಡಿ.

ಉಸಿರು ಕಟ್ಟಿದ ಅನುಭವ

ಮೊದಲ ದಿನಗಳ ಭಯ ಇದು. ಹಗಲಿನಲ್ಲಿ ಎಚ್ಚರವಿದ್ದಾಗಲೇ ಕುಳಿತು ಹದಿನೈದು ನಿಮಿಷ ಮಾಸ್ಕ್ ಹಾಕಿ ಅಭ್ಯಾಸ ಮಾಡಿ. ಯಂತ್ರದಲ್ಲಿ 'ರ‍್ಯಾಂಪ್' ಎಂಬ ಸೌಲಭ್ಯ ಇರುತ್ತದೆ. ಅದು ಕಡಿಮೆ ಒತ್ತಡದಲ್ಲಿ ಶುರುಮಾಡಿ ನಿದ್ದೆ ಹತ್ತುವಷ್ಟರಲ್ಲಿ ಪೂರ್ಣ ಒತ್ತಡಕ್ಕೆ ತರುತ್ತದೆ. ಕರೆಂಟ್ ಹೋದರೆ ಉಸಿರು ನಿಂತೀತೆಂದು ಹೆದರಬೇಡಿ. ಪೂರ್ಣ ಮಾಸ್ಕ್‌ನಲ್ಲಿ ಹೊರಗಿನ ಗಾಳಿ ಒಳಬರಲು ಕವಾಟ ಇದೆ, ಮೂಗಿನ ಮಾಸ್ಕ್ ಇದ್ದರೆ ಬಾಯಿ ತೆರೆಯಬಹುದು. ಆ ರಾತ್ರಿ ಮಾಸ್ಕ್ ತೆಗೆದು ಮಗ್ಗುಲಾಗಿ ಮಲಗಿ. ಪದೇ ಪದೇ ಕರೆಂಟ್ ಹೋಗುವ ಹಳ್ಳಿಗಳಲ್ಲಿ ಯುಪಿಎಸ್ ಇಡುವುದು ಒಳ್ಳೆಯದು. ಹ್ಯುಮಿಡಿಫೈಯರ್ ಆಫ್ ಮಾಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಶುಚಿತ್ವ

ಡಬ್ಬಿಯ ಹಳೆಯ ನೀರನ್ನು ದಿನವೂ ಬೆಳಗ್ಗೆ ಚೆಲ್ಲಿ. ಬೋರ್‌ವೆಲ್ ನೀರು ಹಾಕಿದರೆ ಬಿಳಿ ಪೊರೆ ಕಟ್ಟುತ್ತದೆ, ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಹಾಕಿ. ಬ್ಯಾಟರಿ ಅಂಗಡಿಯ ನೀರು ಬೇಡ. ಮಾಸ್ಕನ್ನು ದಿನವೂ ಒರೆಸಿ. ವಾರಕ್ಕೊಮ್ಮೆ ಮಾಸ್ಕ್, ಕೊಳವೆ, ಡಬ್ಬಿಗಳನ್ನು ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸೋಪಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿ. ಆಲೆಮನೆಯ ಹೊಗೆ, ಕಬ್ಬಿನ ತರಗು ಸುಡುವ ಮಸಿ ನಮ್ಮ ಕಡೆ ಮಾಮೂಲು. ಆದ್ದರಿಂದ ಫಿಲ್ಟರನ್ನು ಆಗಾಗ ನೋಡಿ, ಕಪ್ಪಾಗಿದ್ದರೆ ಬದಲಿಸಿ. ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ, ಲೋಬಾನ ಬೇಡ. ಯಂತ್ರ ಆ ಹೊಗೆಯನ್ನೇ ಎಳೆದುಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು ಎಚ್ಚರ. ಫಿಲಿಪ್ಸ್ ಕಂಪನಿ ತನ್ನ ಹಲವು ಮಾದರಿಗಳನ್ನು 2021ರ ಜೂನ್‌ನಲ್ಲಿ ಹಿಂದಕ್ಕೆ ಕರೆಸಿಕೊಂಡಿತು. ಒಳಗಿನ ಫೋಮ್ ಪುಡಿಯಾಗಿ ಗಾಳಿಗೆ ಸೇರುವ ಅಪಾಯವಿತ್ತು. ಸೀರಿಯಲ್ ನಂಬರ್ ಪರಿಶೀಲಿಸದೆ ಹಳೆಯ ಯಂತ್ರ ತರಬೇಡಿ. ಒಬ್ಬರಿಗೆ ಹೊಂದಿಸಿದ ಒತ್ತಡ ಇನ್ನೊಬ್ಬರಿಗೆ ಆಗುವುದಿಲ್ಲ ಎಂಬುದೂ ನೆನಪಿರಲಿ.

ರಮಝಾನ್‌ನಲ್ಲಿ

ಆ ತಿಂಗಳು ನಿದ್ದೆ ತುಂಡಾಗುತ್ತದೆ. ತರಾವೀಹ್ ಮುಗಿಸಿ ಸ್ವಲ್ಪ, ಫಜ್ರ್ ನಂತರ ಸ್ವಲ್ಪ, ಮಧ್ಯಾಹ್ನ ಸ್ವಲ್ಪ. ಪ್ರತಿ ಸಲ ಮಲಗುವಾಗಲೂ ಮಾಸ್ಕ್ ಹಾಕಬೇಕು. ಹೆಚ್ಚಿನವರು ತಪ್ಪಿಸುವುದು ಫಜ್ರ್ ನಂತರದ ನಿದ್ದೆಯಲ್ಲಿ. ಉಪವಾಸದಲ್ಲಿ ತೇವದ ಗಾಳಿಯ ಬಳಕೆ ಕುರಿತು ಸಂದೇಹವಿದ್ದರೆ ತಿಂಗಳು ಶುರುವಾಗುವ ಮುನ್ನವೇ ವೈದ್ಯರನ್ನೂ ನಿಮ್ಮ ಜಮಾಅತಿನ ವಿದ್ವಾಂಸರನ್ನೂ ಕೇಳಿ ತೀರ್ಮಾನಿಸಿ. ಸಂದೇಹದಲ್ಲೇ ತಿಂಗಳಿಡೀ ಯಂತ್ರ ಬಿಡಬೇಡಿ. ಇಫ್ತಾರ್‌ನಲ್ಲಿ ಕರಿದ ತಿಂಡಿ ಮಿತವಾಗಿರಲಿ. ಸಹರಿ ಉಂಡ ಕೂಡಲೇ ಅಡ್ಡಾಗಬೇಡಿ, ಹೊಟ್ಟೆ ಉಬ್ಬರ ಹೆಚ್ಚುತ್ತದೆ. ಉಮ್ರಾಕ್ಕೆ ಹೊರಡುವವರು ಡಬ್ಬಿಯ ನೀರು ಚೆಲ್ಲಿ, ಯಂತ್ರವನ್ನು ಕೈಚೀಲದಲ್ಲೇ ಒಯ್ಯಿರಿ, ವೈದ್ಯರ ಚೀಟಿ ಮತ್ತು ಸೌದಿಯ ಪ್ಲಗ್ಗಿಗೆ ಹೊಂದುವ ಅಡಾಪ್ಟರ್ ಇಟ್ಟುಕೊಳ್ಳಿ.

ಯಾವಾಗ ವೈದ್ಯರ ಬಳಿ?

ಮೂಗಿನಿಂದ ಪದೇ ಪದೇ ರಕ್ತ, ಕಿವಿನೋವು, ಜ್ವರದೊಂದಿಗೆ ಕೆನ್ನೆ–ಹಣೆ ನೋವು ಇದ್ದರೆ ತಡಮಾಡಬೇಡಿ. ಎದೆನೋವು, ಏದುಸಿರು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ವಾಂತಿ ಬರುತ್ತಿರುವಾಗ ಪೂರ್ಣ ಮಾಸ್ಕ್ ಹಾಕಲೇಬಾರದು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಕಿವಿ–ಮೂಗು–ಗಂಟಲು ತಜ್ಞರನ್ನು ಅಥವಾ ಶ್ವಾಸಕೋಶ ತಜ್ಞರನ್ನು ಕಾಣಬಹುದು. ಹೋಗುವಾಗ ಯಂತ್ರ, ಮಾಸ್ಕ್ ಎರಡನ್ನೂ ಕೊಂಡೊಯ್ಯಿರಿ. ಹೆಚ್ಚಿನ ಯಂತ್ರಗಳು ಬಳಸಿದ ಗಂಟೆ, ಸೋರಿಕೆ ಮತ್ತು ಗಂಟೆಗೆ ಎಷ್ಟು ಸಲ ಉಸಿರು ತಡೆಯಿತು ಎಂಬ 'ಎಎಚ್‌ಐ' ಸಂಖ್ಯೆಯನ್ನು ತೋರಿಸುತ್ತವೆ. ಆ ಸಂಖ್ಯೆ 5ಕ್ಕಿಂತ ಕೆಳಗಿದ್ದರೆ ಚಿಕಿತ್ಸೆ ಚೆನ್ನಾಗಿ ನಡೆದಿದೆ ಎಂದರ್ಥ. ರಾತ್ರಿಗೆ ಕನಿಷ್ಠ 4 ಗಂಟೆಯಾದರೂ ಬಳಸಬೇಕು, ಇಡೀ ರಾತ್ರಿಯಾದರೆ ಉತ್ತಮ.

ಮನೆಯವರಿಗೊಂದು ಮಾತು. ಮಾಸ್ಕ್ ಹಾಕಿದವರನ್ನು ನೋಡಿ ನಗಬೇಡಿ. ಹೆಂಗಸರಿಗೂ ಈ ಕಾಯಿಲೆ ಬರುತ್ತದೆ, ನಾಚಿಕೆಯಿಂದ ಗೊರಕೆಯ ವಿಷಯ ಮುಚ್ಚಿಡುತ್ತಾರೆ. ನಿದ್ದೆಯಲ್ಲಿ ತಿಳಿಯದೆ ಮಾಸ್ಕ್ ಕಿತ್ತಿದ್ದರೆ ಮೆಲ್ಲನೆ ಎಬ್ಬಿಸಿ ಮತ್ತೆ ಹಾಕಿಸಿ. ಇಂದು ರಾತ್ರಿಯೇ ಆ ಯಂತ್ರವನ್ನು ಬೀರುವಿನಿಂದ ಇಳಿಸಿ, ಮಾಸ್ಕ್ ತೊಳೆಯಿರಿ, ಹೊಸ ನೀರು ಹಾಕಿ. ಮೇಲಿನ ಕಾಟಗಳಲ್ಲಿ ನಿಮ್ಮದು ಯಾವುದೆಂದು ಗುರುತಿಸಿ, ಅದೊಂದನ್ನು ಮೊದಲು ಸರಿಪಡಿಸಿ.